ಎದುರಿಗೇ ಎಣಿಸಿಕೊಳ್ಳಿ

ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ನೂರು ನೋಟಿಗೊಂದು ಕಾಗದದ ಪಟ್ಟಿ ಸುತ್ತುತ್ತೇವೆ. ಅದರ ಮೇಲೆ ಎಣಿಸಿದವರ ಸಹಿ, ತಾರೀಖು. ಆ ಕಟ್ಟನ್ನು ಪಕ್ಕದ ಕೌಂಟರಿಗೆ ಕೊಟ್ಟರೆ ಅವರು ಮತ್ತೆ ಎಣಿಸುತ್ತಾರೆ. ಹೊಸದಾಗಿ ಸೇರಿದವರಿಗೆ ಇದರಿಂದ ಬೇಸರವಾಗುತ್ತದೆ. "ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ಕೇಳಿದವರು ಎಷ್ಟೋ ಜನ. ಶಿರಸಿ ಸುತ್ತಮುತ್ತಲಿನ ಶಾಖೆಗಳಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿದ ನಾನು ಅವರಿಗೆ ಹೇಳುವುದು ಇಷ್ಟೇ: ಎದುರಿಗೇ ಎಣಿಸಿಕೊಂಡವರು ನಾಳೆ ಬೆನ್ನ ಹಿಂದೆ ಮಾತಾಡುವುದಿಲ್ಲ.

ನೋಡದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಕಂಡಿದ್ದೇನೆ. ಅಡಿಕೆ ಕೊಯ್ಲಿನ ದಿನಗಳು. ಕೂಲಿ ಬಟವಾಡೆಗೆ ದುಡ್ಡು ತೆಗೆಯಲು ಬಂದವರ ಸಾಲು ಬಾಗಿಲಾಚೆ ಹೋಗಿತ್ತು. ಮೊತ್ತ ದೊಡ್ಡದಾದರೆ ಕ್ಯಾಷಿಯರ್ ನಮೂದಿಸಿದ್ದನ್ನು ಇನ್ನೊಬ್ಬ ಅಧಿಕಾರಿ ಚೀಟಿ ನೋಡಿ, ತನ್ನ ಪಾಸ್‌ವರ್ಡ್ ಹಾಕಿ ಪಾಸು ಮಾಡಬೇಕು. ಅಂದು ಆ ಅಧಿಕಾರಿ ನಾನು. ಪ್ರತಿ ಸಲ ಏಳುವುದು ಯಾಕೆಂದು ಕ್ಯಾಷಿಯರಿಗೆ ಪಾಸ್‌ವರ್ಡನ್ನೇ ಹೇಳಿಬಿಟ್ಟೆ. "ನೀವೇ ಹಾಕ್ಕೊಳ್ಳಿ, ನಿಮ್ಮ ಮೇಲೆ ನಂಬಿಕೆ ಇದೆ" ಅಂದೆ. ಅದು ನಂಬಿಕೆಯಲ್ಲ, ಸೋಮಾರಿತನ.

ಸಂಜೆ ಲೆಕ್ಕಕ್ಕೆ 27,000 ರೂಪಾಯಿ ಕಡಿಮೆ. ಕಡಿಮೆ ಬಿದ್ದದ್ದನ್ನು ಕ್ಯಾಷಿಯರೇ ತುಂಬಬೇಕು. ಅವರು ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. "ಎರಡೆರಡು ಸಲ ಎಣಿಸೇ ಕೊಟ್ಟಿದ್ದೇನೆ ಸರ್" ಎನ್ನುತ್ತ ಎಲ್ಲರ ಮುಖ ನೋಡಿದರು. ಯಾರೋ ಅವರ ಡ್ರಾಯರ್ ಎಳೆದು ತಡಕಾಡಿದರು. ನಾನು ಸುಮ್ನೆ ನಿಂತಿದ್ದೆ. ಪಾಸ್‌ವರ್ಡ್ ವಿಷಯ ಬಾಯಿಬಿಡಲಿಲ್ಲ.

ದಾರಿ ತೋರಿಸಿದವರು ಹಿರಿಯ ಹೆಡ್ ಕ್ಯಾಷಿಯರ್. "ತಮಾ, ಒಂಬತ್ತರಿಂದ ಭಾಗಿಸಿ ನೋಡು" ಅಂದರು. ಬರೆಯುವಾಗ ಎರಡು ಅಂಕೆ ಅದಲುಬದಲಾದರೆ ಬರುವ ವ್ಯತ್ಯಾಸ ಒಂಬತ್ತರಿಂದ ಶೇಷವಿಲ್ಲದೆ ಭಾಗವಾಗುತ್ತದೆ. 27,000 ಭಾಗವಾಯಿತು. ಚೀಟಿಗಳನ್ನು ಒಂದೊಂದಾಗಿ ತಾಳೆ ನೋಡಿದೆವು. 85,500 ಕೊಟ್ಟ ಚೀಟಿ ಕಂಪ್ಯೂಟರಿನಲ್ಲಿ 58,500 ಆಗಿತ್ತು. ಪಾಸು ಮಾಡಿದವರ ಜಾಗದಲ್ಲಿ ನನ್ನ ಹೆಸರು.

ಆಗ ಹೇಳಲೇಬೇಕಾಯಿತು. ಲೆಕ್ಕವೇನೋ ಸರಿಯಾಯಿತು. ಆದರೆ ಆ ಹೊಸ ಕ್ಯಾಷಿಯರ್ ನನ್ನ ಜೊತೆ ಚಹಾಕ್ಕೆ ಬರಲು ತಿಂಗಳುಗಳೇ ಹಿಡಿದವು. ಪಾಸ್‌ವರ್ಡಿನ ಸಿಟ್ಟಲ್ಲ ಅದು. "ಡ್ರಾಯರ್ ಎಳೆದಾಗ ನೀವು ಅಲ್ಲೇ ಇದ್ರಲ್ಲ ಸರ್" ಅಂದರು ಒಮ್ಮೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಮುಂದೆ ಪ್ರತಿ ಚೀಟಿಯನ್ನೂ ಎದ್ದು ಹೋಗಿ ನೋಡಿದೆ. ನನ್ನ ತಪ್ಪನ್ನು ಅವರು ಕೇಳುವ ಮೊದಲೇ ಹೇಳುತ್ತ ಬಂದೆ. 2016ರ ನವೆಂಬರ್ 10ರಂದು ಹಳೆಯ 500, 1000ದ ನೋಟು ಹಿಡಿದು ಜನ ಮುಗಿಬಿದ್ದರಲ್ಲ, ಅಂದು ಅವರು ತಮ್ಮ ಕಟ್ಟುಗಳನ್ನು ನನ್ನತ್ತ ತಳ್ಳಿ, "ನೀವೇ ಇನ್ನೊಂದ್ಸಲ ಎಣಿಸಿ ಸರ್" ಅಂದರು.

ತಿಜೋರಿಗೆ ಎರಡು ಕೀಲಿ, ಇಬ್ಬರ ಹತ್ತಿರ. "ಊರಿಗೆ ಹೋಗ್ಬೇಕು, ನನ್ನದೂ ನಿಮ್ಮ ಹತ್ರ ಇರ್ಲಿ" ಅಂತ ಗೆಳೆಯರೇ ಕೊಟ್ಟರೂ ತಗೋಬೇಡಿ. ರಿಜಿಸ್ಟರಿನಲ್ಲಿ ಸಹಿ ಮಾಡಿಸಿ, ಬೇರೆಯವರಿಗೇ ಕೊಡಿಸಿ. ಒಂದು ದಿನ ಮುನಿಸಿಕೊಂಡಾರು. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಅವರನ್ನು ಕಾಯುವುದು ಆ ಸಹಿಯೇ. ದುಡ್ಡು ಕಡಿಮೆ ಬಿದ್ದರೆ ಮ್ಯಾನೇಜರ್ ಮೊದಲು ಕ್ಯಾಷಿಯರ್ ಪಕ್ಕ ಕೂತು ಚೀಟಿ ತಿರುವಲಿ, ಡ್ರಾಯರಿಗೆ ಕೈ ಹಾಕುವುದು ಬೇಡ. ಹುಟ್ಟುಹಬ್ಬದ ಕೇಕು, ಯಾಣದ ಪಿಕ್‌ನಿಕ್ಕು ಎಲ್ಲ ಚೆಂದವೇ, ಸಂಜೆಯ ಲೆಕ್ಕದ ಹೊತ್ತಿಗೆ ಅವು ನೆರವಿಗೆ ಬರುವುದಿಲ್ಲ.

ನಮ್ಮ ಕಡೆ ಮನಸ್ಸು ಮುರಿಯುವ ಇನ್ನೊಂದು ವಿಷಯ ಮಾರಿಕಾಂಬಾ ಜಾತ್ರೆಯ ರಜೆ. ಎಲ್ಲರ ಮನೆಗೂ ನೆಂಟರು ಬರುತ್ತಾರೆ, ಕೌಂಟರಿನಲ್ಲೂ ರಶ್ಶು. ಯಾರಿಗೆ ಯಾವ ದಿನ ಎಂಬ ಪಟ್ಟಿಯನ್ನು ತಿಂಗಳ ಮೊದಲೇ ಗೋಡೆಗೆ ಅಂಟಿಸಿ. ಕಳೆದ ಸಲ ದುಡಿದವರಿಗೆ ಈ ಸಲ ಮೊದಲ ಆಯ್ಕೆ. ಜಾತ್ರೆ ಮುಗಿದ ಮೇಲೆ ಆ ಪಟ್ಟಿಯನ್ನು ಹರಿಯದೆ ಫೈಲಿನಲ್ಲಿಡಿ. ಎರಡು ವರ್ಷ ಬಿಟ್ಟು ಮತ್ತೆ ಜಾತ್ರೆ ಬಂದಾಗ ಬೇಕಾಗುತ್ತದೆ.