ನೀರಿಗೆ ಒಗ್ಗದ ಔಷಧವನ್ನು ಲಿಪೊಸೋಮ್‌ಗೆ ಸೇರಿಸುವುದು: ಕರ್ಕ್ಯುಮಿನ್ ಉದಾಹರಣೆ

ಲಿಪೊಸೋಮ್ ಅಂದ ಕೂಡಲೇ ನೀರು ತುಂಬಿದ ಗುಳ್ಳೆ, ಅದರೊಳಗೆ ಔಷಧ ಎಂದು ಚಿತ್ರ ಬರೆದುಬಿಡುತ್ತೇವೆ. ಕರ್ಕ್ಯುಮಿನ್ (ಅರಿಶಿನದ ಹಳದಿ ವಸ್ತು), ಪ್ಯಾಕ್ಲಿಟಾಕ್ಸೆಲ್‌ನಂಥ (ಕ್ಯಾನ್ಸರ್ ಔಷಧ) ನೀರಿಗೆ ಒಗ್ಗದವಕ್ಕೆ ಆ ಚಿತ್ರ ಹೊಂದುವುದಿಲ್ಲ. ಅವು ಕೂರುವುದು ಗುಳ್ಳೆಯ ಗೋಡೆಯಲ್ಲಿ, 4–5 ನ್ಯಾನೊಮೀಟರ್ ದಪ್ಪದ ಲಿಪಿಡ್ (ಕೊಬ್ಬಿನಂಥ ಅಣು) ದ್ವಿಪದರದಲ್ಲಿ. ಹಾಗಾಗಿ ಎಷ್ಟು ಔಷಧ ಹಿಡಿಸುತ್ತದೆ ಎಂಬುದು ಲಿಪಿಡ್ ಎಷ್ಟಿದೆ ಎಂಬುದರ ಮೇಲೆ ನಿಂತಿದೆ. ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧಕ್ಕೆ ಬಳಸುವ ಅಮೋನಿಯಂ ಸಲ್ಫೇಟ್ ಗ್ರೇಡಿಯಂಟ್ (ಲವಣವನ್ನು ಗುಳ್ಳೆಯ ಒಳಗೆ ಹೆಚ್ಚು, ಹೊರಗೆ ಕಡಿಮೆ ಇಟ್ಟು ಔಷಧವನ್ನು ಒಳಗೆಳೆಯುವ ವಿಧಾನ) ಇಲ್ಲಿ ನಡೆಯದು. ಅದಕ್ಕೆ ಅಮೈನ್ ಗುಂಪು ಬೇಕು, ಕರ್ಕ್ಯುಮಿನ್‌ನಲ್ಲಿ ಅದಿಲ್ಲ. ಪದರ ಕಟ್ಟುವಾಗಲೇ ಔಷಧ ಸೇರಿಸಬೇಕು.

10 ಮಿ.ಲೀ. ಬ್ಯಾಚ್‌ಗೆ ಸೋಯಾ ಫಾಸ್ಫಟಿಡಿಲ್‌ಕೋಲಿನ್ (ಗೋಡೆ ಕಟ್ಟುವ ಮುಖ್ಯ ಲಿಪಿಡ್) 62 ಮಿ.ಗ್ರಾಂ, ಕೊಲೆಸ್ಟರಾಲ್ 7.7 ಮಿ.ಗ್ರಾಂ, ಕರ್ಕ್ಯುಮಿನ್ 1.84 ಮಿ.ಗ್ರಾಂ (ಮೋಲ್ ಲೆಕ್ಕದಲ್ಲಿ 80:20:5). ಮೂರನ್ನೂ 2:1 ಕ್ಲೋರೊಫಾರ್ಮ್–ಮೆಥನಾಲ್ 10 ಮಿ.ಲೀ.ನಲ್ಲಿ ಕರಗಿಸಿ, 250 ಮಿ.ಲೀ. ದುಂಡುತಳದ ಫ್ಲಾಸ್ಕ್‌ಗೆ ಹಾಕಿ, ರೋಟರಿ ಇವಾಪೊರೇಟರ್‌ನಲ್ಲಿ 40 ಡಿಗ್ರಿಯಲ್ಲಿ ಒಣಗಿಸಿ. ವ್ಯಾಕ್ಯೂಮನ್ನು ನಿಧಾನವಾಗಿ ಏರಿಸಿ. ಒಮ್ಮೆಲೇ ಎಳೆದರೆ ದ್ರಾವಣ ಚಿಮ್ಮುತ್ತದೆ. ಬೆಳಕಿಗೆ ಕರ್ಕ್ಯುಮಿನ್ ಹಾಳಾಗುವುದರಿಂದ ಫ್ಲಾಸ್ಕ್‌ಗೆ ಫಾಯಿಲ್ ಸುತ್ತಿ. ಉಳಿದ ದ್ರಾವಕ ಹೋಗಲು ರಾತ್ರಿಯಿಡೀ ವ್ಯಾಕ್ಯೂಮ್‌ನಲ್ಲಿಡಿ.

ಬೆಳಿಗ್ಗೆ ಫ್ಲಾಸ್ಕನ್ನು ಒಂದು ಕ್ಷಣ ಬೆಳಕಿಗೆ ಹಿಡಿದು ನೋಡಿ. ಪದರ ಎಲ್ಲ ಕಡೆ ಒಂದೇ ಸಮ ಹಳದಿಯಾಗಿರಬೇಕು. ಅಲ್ಲಲ್ಲಿ ಕಿತ್ತಳೆ ಚುಕ್ಕೆ ಕಂಡರೆ ಔಷಧ ಆಗಲೇ ಬೇರ್ಪಟ್ಟಿದೆ ಎಂದೇ ಅರ್ಥ. ಮುಂದುವರಿಯಬೇಡಿ, ಔಷಧದ ಪ್ರಮಾಣ ಇಳಿಸಿ ಹೊಸದಾಗಿ ಮಾಡಿ.

ಹೈಡ್ರೇಷನ್‌ಗೆ (ಒಣ ಪದರವನ್ನು ನೀರಿನಲ್ಲಿ ಗುಳ್ಳೆಗಳಾಗಿ ಎಬ್ಬಿಸುವುದಕ್ಕೆ) ಪಿಎಚ್ 6.5ರ ಫಾಸ್ಫೇಟ್ ಬಫರ್ 10 ಮಿ.ಲೀ., 40 ಡಿಗ್ರಿ, ವ್ಯಾಕ್ಯೂಮ್ ಇಲ್ಲದೆ 45 ನಿಮಿಷ ತಿರುಗಿಸಿ. ಅಭ್ಯಾಸಬಲದಿಂದ 7.4ರ ಬಫರ್ ಎತ್ತಿಕೊಳ್ಳಬೇಡಿ. ಆ ಪಿಎಚ್‌ನಲ್ಲಿ, 37 ಡಿಗ್ರಿಯಲ್ಲಿ, ಪದರದ ಹೊರಗುಳಿದ ಕರ್ಕ್ಯುಮಿನ್ ಬಹುಪಾಲು ಅರ್ಧ ಗಂಟೆಯಲ್ಲೇ ಒಡೆಯುತ್ತದೆ. ಸೋಯಾ ಲಿಪಿಡ್ ಬದಲು ಡಿಪಿಪಿಸಿ (41 ಡಿಗ್ರಿ) ಅಥವಾ ಡಿಎಸ್‌ಪಿಸಿ (55 ಡಿಗ್ರಿ) ಎಂಬ ಲಿಪಿಡ್ ಬಳಸಿದರೆ, ಪದರ ಗಟ್ಟಿಯಿಂದ ಮೆದುವಾಗುವ ಆ ತಾಪಕ್ಕಿಂತ 5–10 ಡಿಗ್ರಿ ಮೇಲಿರಿ. ನಂತರ ಗುಳ್ಳೆಗಳ ಗಾತ್ರ ಇಳಿಸಲು 400, 200, 100 ನ್ಯಾನೊಮೀಟರ್ ರಂಧ್ರದ ಪಾಲಿಕಾರ್ಬೊನೇಟ್ ಮೆಂಬ್ರೇನ್‌ಗಳಲ್ಲಿ ತಲಾ 11 ಸಲ ಹಾಯಿಸಿ. ಬೆಸ ಸಂಖ್ಯೆ ಯಾಕೆಂದರೆ, ಕೊನೆಗೆ ದ್ರವ ಶುರುವಾದ ಸಿರಿಂಜ್‌ಗೆ ಮರಳದೆ ಎದುರಿನದರಲ್ಲಿ ಸಿಗಬೇಕು.

ಹೆಚ್ಚಿನವರು ಎಡವುವುದು ಇದರ ಮುಂದೆ. ಹೊರಗುಳಿದ ಔಷಧವನ್ನು ಡಯಾಲಿಸಿಸ್‌ನಿಂದ (ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಚೀಲದಲ್ಲಿಟ್ಟು) ತೆಗೆದು, 98% ಎನ್‌ಟ್ರಾಪ್‌ಮೆಂಟ್ (ಹಾಕಿದ ಔಷಧದಲ್ಲಿ ಲಿಪೊಸೋಮ್‌ಗೆ ಸೇರಿದ ಪಾಲು) ಬಂತೆಂದು ಬರೆದುಕೊಳ್ಳುತ್ತಾರೆ. ಆದರೆ ಹೊರಗುಳಿದ ಕರ್ಕ್ಯುಮಿನ್ ನೀರಿನಲ್ಲಿ ಕರಗದೆ ಹರಳಾಗಿರುತ್ತದೆ. ಹರಳು ಚೀಲ ದಾಟುವುದಿಲ್ಲ. ಕೊನೆಗೆ ಮೆಥನಾಲ್ ಹಾಕಿ ಅಳೆದಾಗ ಅದೂ ಕರಗಿ ಲೆಕ್ಕಕ್ಕೆ ಸೇರಿಬಿಡುತ್ತದೆ! ಸರಿಯಾದ ದಾರಿ: ಗಾತ್ರ ಇಳಿಸಿದ ಮೇಲೆ 3000 ಜಿ (ಗುರುತ್ವದ 3000 ಪಟ್ಟು), 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಹರಳು ತಳಕ್ಕಿಳಿಯುತ್ತದೆ, 100 ನ್ಯಾನೊಮೀಟರ್‌ನ ಲಿಪೊಸೋಮ್ ಮೇಲೇ ಉಳಿಯುತ್ತದೆ. ಮೇಲಿನ ದ್ರವ, ತಳದ ಗಸಿ, ಮೆಂಬ್ರೇನ್ ಮೂರನ್ನೂ ಬೇರೆ ಬೇರೆ ಮೆಥನಾಲ್‌ನಲ್ಲಿ ತೆಗೆದು 425 ನ್ಯಾನೊಮೀಟರ್‌ನಲ್ಲಿ ಅಳೆಯಿರಿ. ಮೂರೂ ಕೂಡಿ 1.84 ಮಿ.ಗ್ರಾಂ ಹತ್ತಿರ ಬರದಿದ್ದರೆ ಎಲ್ಲೋ ಸೋರಿದೆ, ಇಲ್ಲವೇ ಔಷಧ ಒಡೆದಿದೆ.

ಇನ್ನೊಂದು ಅಂಕಿ ಮರೆಯಬೇಡಿ. 90% ಎನ್‌ಟ್ರಾಪ್‌ಮೆಂಟ್ ಸಿಕ್ಕರೂ ಒಳಗಿರುವುದು 1.66 ಮಿ.ಗ್ರಾಂ, ತೂಕದಲ್ಲಿ ಲೋಡಿಂಗ್ (ಲಿಪಿಡ್, ಔಷಧ ಸೇರಿದ ಒಟ್ಟು ತೂಕದಲ್ಲಿ ಔಷಧದ ಪಾಲು) ಬರೀ 2.3%. ಕೊಲೆಸ್ಟರಾಲ್ ಹೆಚ್ಚಿಸಿದರೆ ಪದರ ಗಟ್ಟಿಯಾಗುತ್ತದೆ ನಿಜ, ಆದರೆ ಅದೂ ಔಷಧವೂ ಒಂದೇ ಜಾಗಕ್ಕೆ ಪೈಪೋಟಿಗಿಳಿಯುತ್ತವೆ.

ರಿಲೀಸ್ ಪರೀಕ್ಷೆಯಲ್ಲೂ (ಲಿಪೊಸೋಮ್‌ನಿಂದ ಔಷಧ ಎಷ್ಟು ಬೇಗ ಹೊರಬರುತ್ತದೆ ಎಂದು ನೋಡುವುದು) ಕರಗದಿರುವ ಇದೇ ತೊಡಕು. ಹೊರಗಿನ ಬರೀ ಬಫರ್ ಕರ್ಕ್ಯುಮಿನ್ ಹೊರಲಾರದು. ಆಗ ಬರುವ ನಿಧಾನ ಬಿಡುಗಡೆಯ ಗ್ರಾಫ್ ಲಿಪೊಸೋಮ್‌ನ ಗುಣವನ್ನು ಹೇಳುವುದಿಲ್ಲ. ಹೊರಗಿನ ಬಫರ್‌ಗೆ 0.5% ಟ್ವೀನ್ 80 (ಔಷಧವನ್ನು ಕರಗಿಸಿಡುವ ಸೋಪಿನಂಥ ವಸ್ತು) ಸೇರಿಸಿ, ಆದರೆ ಮೊದಲು ಔಷಧವಿಲ್ಲದ ಲಿಪೊಸೋಮ್ ಅದೇ ದ್ರವದಲ್ಲಿ 24 ಗಂಟೆ ಗಾತ್ರ ಉಳಿಸಿಕೊಳ್ಳುತ್ತದೆಯೇ ನೋಡಿಕೊಳ್ಳಿ.