ಟೊಟೊರೊ ಚಿತ್ರದ ಕೊನೆಯಲ್ಲಿ ಮೇಯ್ ಸತ್ತಿರುತ್ತಾಳೆಯೇ?

ಪ್ರಶ್ನೆ: ‘ಮೈ ನೇಬರ್ ಟೊಟೊರೊ’ ಚಿತ್ರದಲ್ಲಿ ಪುಟ್ಟ ಮೇಯ್ ಕೆರೆಯಲ್ಲಿ ಮುಳುಗಿ ಸತ್ತಿರುತ್ತಾಳೆ, ಅವಳನ್ನು ಹುಡುಕಿಕೊಂಡು ಹೋದ ಅಕ್ಕ ಸತ್ಸುಕಿಯೂ ಸಾವಿನ ಲೋಕಕ್ಕೆ ಸೇರುತ್ತಾಳೆ, ಅದಕ್ಕಾಗಿಯೇ ಕೊನೆಯ ದೃಶ್ಯಗಳಲ್ಲಿ ಅವರಿಬ್ಬರಿಗೂ ನೆರಳಿಲ್ಲ ಎಂದು ಹೇಳುತ್ತಾರೆ. ಇದು ನಿಜವೇ?

ನಿಜವಲ್ಲ. ಮೇಯ್ ಸಾಯುವುದಿಲ್ಲ, ಸತ್ಸುಕಿಯೂ ಸಾಯುವುದಿಲ್ಲ. ಈ ಪ್ರಶ್ನೆಗೆ ಹಿಂದೆಯೂ ಚುಟುಕಾಗಿ ಉತ್ತರಿಸಿದ್ದೇನೆ, ಆದರೆ ಪ್ರತಿ ಸಲವೂ ಅದು ಹೊಸದೊಂದು ಪುರಾವೆಯನ್ನು ಕಟ್ಟಿಕೊಂಡು ಮರಳಿ ಬರುತ್ತದೆ. ಹಾಗಾಗಿ ಈ ಸಲ ಚುಟುಕುತನವನ್ನು ಬಿಟ್ಟು, ವದಂತಿಯ ಎಳೆಗಳನ್ನು ಬಿಡಿಸಿ ನೋಡೋಣ. ಪ್ರಶ್ನೆ ಕೇಳುವವರೆಲ್ಲ ಚಿತ್ರವನ್ನು ನೋಡಿರುತ್ತಾರೆಂದು ನಂಬಿ ಕಥೆಯನ್ನು ಮೊದಲಿನಿಂದ ಹೇಳುವುದಿಲ್ಲ.

ಮೊದಲು ನೆರಳಿನ ಮಾತನ್ನು ಮುಗಿಸಬೇಕು, ಏಕೆಂದರೆ ಇಡೀ ವದಂತಿ ನಿಂತಿರುವುದೇ ಅದರ ಮೇಲೆ. ಹಯಾವೊ ಮಿಯಾಝಾಕಿ ನಿರ್ದೇಶಿಸಿದ ಈ ಜಪಾನಿ ಅನಿಮೇಷನ್ ಚಿತ್ರ ತೆರೆಕಂಡದ್ದು 1988ರ ಏಪ್ರಿಲ್‌ನಲ್ಲಿ. ಆಗ ಪ್ರತಿಯೊಂದು ಪಾತ್ರವನ್ನೂ ಪಾರದರ್ಶಕ ಸೆಲ್ ಹಾಳೆಯ ಮೇಲೆ ಕೈಯಿಂದ ಬಣ್ಣ ತುಂಬಿ, ಹಿನ್ನೆಲೆಯ ಚಿತ್ರದ ಮೇಲಿಟ್ಟು, ಒಂದೊಂದೇ ಚೌಕಟ್ಟಾಗಿ ಕ್ಯಾಮೆರಾದಲ್ಲಿ ಸೆರೆಹಿಡಿಯುತ್ತಿದ್ದರು. ನೆಲದ ಮೇಲೆ ಬೀಳುವ ನೆರಳು ಪಾತ್ರದ ಜೊತೆ ತಾನಾಗಿ ಹುಟ್ಟುವಂಥದ್ದಲ್ಲ. ಅದನ್ನು ಬೇರೆಯಾಗಿಯೇ ಬಿಡಿಸಬೇಕಿತ್ತು, ಅದರ ಮೂಲಕ ಕೆಳಗಿನ ಹುಲ್ಲೋ ಮಣ್ಣೋ ಕಾಣುವಂತಿರಬೇಕಾದರೆ ಅದೇ ಫಿಲ್ಮನ್ನು ಎರಡನೆಯ ಬಾರಿ ಕ್ಯಾಮೆರಾಕ್ಕೆ ಒಡ್ಡಬೇಕಿತ್ತು. ಅಂದರೆ ನೆರಳೆನ್ನುವುದು ಹೆಚ್ಚುವರಿ ಕೆಲಸ. ಯಾವ ದೃಶ್ಯಕ್ಕೆ ಅದು ಬೇಕು, ಯಾವುದಕ್ಕೆ ಬೇಡ ಎಂದು ಕಲಾವಿದರು ಕುಳಿತು ತೀರ್ಮಾನಿಸುತ್ತಿದ್ದರು. ನಡುಹಗಲಿನ ಬಿಸಿಲಿನಲ್ಲಿ ಮಕ್ಕಳು ಓಡುವಾಗ ನೆರಳಿಲ್ಲದಿದ್ದರೆ ಪಾತ್ರಗಳು ನೆಲದಿಂದ ಮೇಲೆದ್ದು ತೇಲಿದಂತೆ ಕಾಣುತ್ತವೆ, ಆದ್ದರಿಂದ ಅಲ್ಲಿ ಅದನ್ನು ಬಿಡುವಂತಿಲ್ಲ. ಇನ್ನು ಚಿತ್ರದ ಕೊನೆಯ ಭಾಗವನ್ನು ನೋಡಿ. ಸತ್ಸುಕಿ ತಂಗಿಯನ್ನು ಹುಡುಕುತ್ತ ಓಡುವಷ್ಟರಲ್ಲಿ ಹೊತ್ತು ಇಳಿದಿದೆ, ಬೆಕ್ಕೇ ಬಸ್ಸಾಗಿರುವ ಬೆಕ್ಕು-ಬಸ್ಸು ಬರುವ ಹೊತ್ತಿಗೆ ಸಂಜೆಗೆಂಪು ಕಳೆಗುಂದುತ್ತಿದೆ, ಮಕ್ಕಳ ತಾಯಿ ಇರುವ ಆಸ್ಪತ್ರೆಯ ಕಿಟಕಿಯ ಒಳಗೆ ದೀಪ ಹೊತ್ತಿದೆ. ಮುಸ್ಸಂಜೆಯ ಬೆಳಕು ಯಾವುದೋ ಒಂದು ದಿಕ್ಕಿನಿಂದ ಬರುವುದಿಲ್ಲ, ಇಡೀ ಆಕಾಶದಿಂದ ಇಳಿಯುತ್ತದೆ. ಅನುಮಾನವಿದ್ದವರು ಇಂದು ಸೂರ್ಯ ಮುಳುಗಿದ ಮೇಲೆ ಅಂಗಳದಲ್ಲಿ ನಿಂತು ತಮ್ಮ ಕಾಲಬುಡವನ್ನು ನೋಡಿಕೊಳ್ಳಬಹುದು. ಕಲಾ ನಿರ್ದೇಶಕ ಕಝುವೊ ಓಗ ಈ ಚಿತ್ರದಲ್ಲಿ ಹೊತ್ತುಹೊತ್ತಿನ ಬೆಳಕನ್ನು ಹಿಡಿದಿರುವ ರೀತಿ ನನ್ನ ಪಾಲಿಗೆ ಅನಿಮೇಷನ್ ಕಲೆಯ ದೊಡ್ಡ ಸಾಧನೆಗಳಲ್ಲೊಂದು. ಅಷ್ಟು ಶ್ರದ್ಧೆಯಿಂದ ಬಿಡಿಸಿದ ಸಂಜೆಯನ್ನು ಸಂಜೆಯೆಂದು ಗುರುತಿಸದೆ, ಅದರಲ್ಲಿ ಹೆಣದ ಗುರುತನ್ನು ಹುಡುಕುವುದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ಇದು ನನ್ನೊಬ್ಬನ ವಾದವೂ ಅಲ್ಲ. ಜಪಾನಿನಲ್ಲಿ ವದಂತಿ ಹಬ್ಬಿ ವಿಚಾರಣೆಗಳು ಹೆಚ್ಚಾದಾಗ, 2007ರ ಮೇ ತಿಂಗಳಲ್ಲಿ ಚಿತ್ರ ತಯಾರಿಸಿದ ಸ್ಟುಡಿಯೋ ಘಿಬ್ಲಿಯೇ ಸ್ಪಷ್ಟನೆ ಕೊಟ್ಟಿತು. ಮಕ್ಕಳ ಕಣ್ಣಿಗೆ ಬೀಳುವ ಕಾಡಿನ ಜೀವಿ ಟೊಟೊರೊ ಸಾವಿನ ದೇವತೆ, ಮೇಯ್ ಸತ್ತಿದ್ದಾಳೆ ಎಂಬ ಮಾತುಗಳಲ್ಲಿ ಹುರುಳಿಲ್ಲ, ಕೊನೆಯ ಭಾಗದಲ್ಲಿ ಮಕ್ಕಳಿಗೆ ನೆರಳಿಲ್ಲದಿರುವುದು ಚಿತ್ರಣದ ದೃಷ್ಟಿಯಿಂದ ಅದು ಬೇಕಿಲ್ಲವೆಂದು ಕೈಬಿಟ್ಟದ್ದರಿಂದ ಮಾತ್ರ ಎಂಬುದು ಅದರ ಸಾರ. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ಸ್ಪಷ್ಟನೆಯೇ ಇನ್ನೊಂದು ಸಾಕ್ಷಿಯಾಗುತ್ತದೆ: ‘ಮಕ್ಕಳ ಸಿನಿಮಾ ಅಲ್ಲವೇ, ಸ್ಟುಡಿಯೋದವರು ಒಪ್ಪಿಕೊಳ್ಳುತ್ತಾರೆಯೇ?’ ಸರಿ, ಸ್ಟುಡಿಯೋದ ಮಾತನ್ನು ಪಕ್ಕಕ್ಕಿಡೋಣ. ತೆರೆಯ ಮೇಲೆ ಇರುವುದನ್ನಷ್ಟೇ ನೋಡೋಣ.

ಟೊಟೊರೊನಂಥ ಜೀವಿಗಳು ಸಾವು ಹತ್ತಿರವಾದವರ ಕಣ್ಣಿಗೆ ಮಾತ್ರ ಬೀಳುತ್ತವೆ ಎನ್ನುತ್ತದೆ ವದಂತಿ. ಹೊಸ ಮನೆಗೆ ಬಂದ ಮೊದಲ ದಿನ ಮಕ್ಕಳು ಕಂಡ ಕಪ್ಪು ಮಸಿಯುಂಡೆಗಳ ಬಗ್ಗೆ ಪಕ್ಕದ ಮನೆಯ ಅಜ್ಜಿ ಏನು ಹೇಳುತ್ತಾಳೆ? ಚಿಕ್ಕವಳಿದ್ದಾಗ ತನಗೂ ಅವು ಕಾಣುತ್ತಿದ್ದವು ಎನ್ನುತ್ತಾಳೆ. ಕಾಣದ ಲೋಕವನ್ನು ಕಾಣುವುದು ಸಾವಿನ ಮುನ್ಸೂಚನೆಯಾಗಿದ್ದರೆ ಆ ಹುಡುಗಿ ಅಜ್ಜಿಯಾಗುವ ತನಕ ಬದುಕಿ, ಮೊಮ್ಮಗನನ್ನು ಕಂಡು, ಹೊಲದಲ್ಲಿ ಜೋಳ ಬೆಳೆಯುತ್ತಿದ್ದಳೇ? ಈ ಚಿತ್ರದಲ್ಲಿ ಅಂಥ ನೋಟ ಬಾಲ್ಯಕ್ಕೆ ಸೇರಿದ್ದು. ಅದನ್ನು ಚಿತ್ರವೇ ಮೊದಲ ಭಾಗದಲ್ಲಿ, ಎಲ್ಲರಿಗೂ ಕೇಳಿಸುವಂತೆ ಹೇಳಿಬಿಟ್ಟಿದೆ.

ಕೆರೆಯ ದಂಡೆಯ ದೃಶ್ಯದಲ್ಲಿ ಮಗುವಿನ ಒಂದು ಚಪ್ಪಲಿ ಸಿಕ್ಕಿದೆ, ಅಜ್ಜಿ ಅದನ್ನು ಕೈಯಲ್ಲಿ ಹಿಡಿದು ಪ್ರಾರ್ಥಿಸುತ್ತಿದ್ದಾಳೆ, ಏದುಸಿರು ಬಿಡುತ್ತ ಬಂದ ಸತ್ಸುಕಿ ನೋಡಿ, ಇದು ಮೇಯ್‌ದಲ್ಲ ಎನ್ನುತ್ತಾಳೆ. ಅವಳು ಸುಳ್ಳು ಹೇಳಿದಳು ಎಂಬುದು ವದಂತಿಕಾರರ ವಾದ. ಯಾಕೆ ಹೇಳುತ್ತಾಳೆ? ತಂಗಿಯ ಚಪ್ಪಲಿಯನ್ನು ಗುರುತಿಸಿದ ಅಕ್ಕ, ಊರವರು ನೀರಿನಲ್ಲಿ ಹುಡುಕುತ್ತಿರುವಾಗಲೇ ಅದನ್ನು ಅಲ್ಲಗಳೆದು ಕಾಡಿನತ್ತ ಓಡಲು ಕಾರಣವೇನು? ಅದಕ್ಕೆ ಚಿತ್ರದಲ್ಲಿ ಒಂದು ಮಾತೂ ಇಲ್ಲ, ಒಂದು ನೋಟವೂ ಇಲ್ಲ.

ಜಿಜೋ ಮೂರ್ತಿಗಳದ್ದೂ ಇದೇ ಕಥೆ. ದಾರಿ ತಪ್ಪಿದ ಮೇಯ್ ಸಾಲು ಜಿಜೋಗಳ ಪಕ್ಕ ಕುಳಿತಿರುತ್ತಾಳೆ, ಜಿಜೋ ಸತ್ತ ಮಕ್ಕಳನ್ನು ಕಾಯುವ ದೇವರು, ಆದ್ದರಿಂದ ಮೇಯ್ ಸತ್ತಿದ್ದಾಳೆ ಎನ್ನುತ್ತಾರೆ. ಜಿಜೋ ಸತ್ತ ಮಕ್ಕಳನ್ನು ಕಾಯುತ್ತಾನೆಂಬ ನಂಬಿಕೆ ನಿಜ. ಅವನು ಬದುಕಿರುವ ಮಕ್ಕಳನ್ನೂ ದಾರಿಹೋಕರನ್ನೂ ಕಾಯುತ್ತಾನೆ, ಅದಕ್ಕಾಗಿಯೇ ಜಪಾನಿನ ಹಳ್ಳಿಗಳ ದಾರಿಬದಿಯಲ್ಲೆಲ್ಲ ಅವನ ಮೂರ್ತಿಗಳಿವೆ. ಇದೇ ಚಿತ್ರದಲ್ಲಿ ಮೊದಲೊಮ್ಮೆ ಮಳೆ ಸುರಿದಾಗ ಅಕ್ಕತಂಗಿಯರು ಜಿಜೋವಿನ ಪುಟ್ಟ ಗುಡಿಯ ಸೂರಿನಡಿ ನಿಲ್ಲುತ್ತಾರೆ. ಸ್ವಲ್ಪ ಹೊತ್ತು ನಿಲ್ಲಲು ಬಿಡು ದೇವರೇ ಎಂದು ಸತ್ಸುಕಿ ಕೈಮುಗಿಯುತ್ತಾಳೆ, ಆಗ ಕಂತಾ ಎಂಬ ಹುಡುಗ ಬಂದು ತನ್ನ ಕೊಡೆಯನ್ನು ಕೊಟ್ಟು ನೆನೆಯುತ್ತಲೇ ಓಡಿಹೋಗುತ್ತಾನೆ. ಆ ದೃಶ್ಯದಲ್ಲಿ ಯಾರೂ ಸಾವನ್ನು ಕಾಣುವುದಿಲ್ಲ. ಎರಡನೆಯ ಬಾರಿ ಜಿಜೋ ಕಾಣಿಸಿದಾಗ ಒಂಟಿ ಮಗು ಯಾರದೋ ಆಸರೆಯಲ್ಲಿದೆ ಎಂದು ನಮಗೆ ತಿಳಿಯಲಿ ಎಂಬುದಕ್ಕೇ ಮೊದಲ ದೃಶ್ಯವನ್ನು ಅಲ್ಲಿಟ್ಟಿದ್ದಾರೆ ಎಂದು ನಾನು ಭಾವಿಸುತ್ತೇನೆ. ಬೆಕ್ಕು-ಬಸ್ಸಿನ ಫಲಕದಲ್ಲಿ ಊರುಗಳ ಹೆಸರು ಉರುಳುವಾಗ ಗೋರಿಗಳಿಗೆ ಸಂಬಂಧಿಸಿದ ಒಂದು ಹೆಸರು ಹಾದುಹೋಗುವುದು ಹೌದು. ಆದರೆ ಬಸ್ಸು ಅಲ್ಲಿ ನಿಲ್ಲುವುದಿಲ್ಲ. ಅದು ನಿಲ್ಲುವುದು ಮೇಯ್ ಇರುವಲ್ಲಿ, ಆಮೇಲೆ ತಾಯಿ ಇರುವ ಆಸ್ಪತ್ರೆಯ ಬಳಿ.

ಇದೆಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯ ಚಿತ್ರದ ಕಟ್ಟಕಡೆಯಲ್ಲಿದೆ, ಮತ್ತು ಬಹಳ ಜನ ಅದನ್ನು ನೋಡಿಯೇ ಇರುವುದಿಲ್ಲ. ಹೆಸರುಗಳು ಓಡತೊಡಗಿದ ಕೂಡಲೇ ಚಿತ್ರವನ್ನು ಮೂಲೆಯ ಪುಟ್ಟ ಚೌಕಕ್ಕೆ ತಳ್ಳಿ ಮುಂದಿನದನ್ನು ತೋರಿಸುವುದು ಓಟಿಟಿಗಳ ಅಭ್ಯಾಸ; ನಮ್ಮ ಕೈಯೂ ಅಷ್ಟರಲ್ಲಿ ರಿಮೋಟಿನ ಮೇಲಿರುತ್ತದೆ. ಆ ಹೆಸರುಗಳ ಜೊತೆಜೊತೆಗೇ ಕಥೆ ಮುಂದುವರಿಯುತ್ತದೆ. ಅಜ್ಜಿ ಮೇಯ್‌ಳನ್ನು ಅಪ್ಪಿಕೊಳ್ಳುತ್ತಾಳೆ. ತಾಯಿ ಕಾರಿನಲ್ಲಿ ಮನೆಗೆ ಬಂದಿಳಿಯುತ್ತಾಳೆ, ಹಾಸಿಗೆಯಲ್ಲಿ ಮಕ್ಕಳಿಗೆ ಪುಸ್ತಕ ಓದಿ ಹೇಳುತ್ತಾಳೆ, ಅವರೊಡನೆ ಸ್ನಾನಕ್ಕೆ ಇಳಿಯುತ್ತಾಳೆ. ಇದನ್ನು ತೋರಿಸಿದರೆ, ಅವೆಲ್ಲ ಹಿಂದಿನ ನೆನಪುಗಳು ಎನ್ನುತ್ತಾರೆ. ಆಗುವ ಮಾತಲ್ಲ. ಕುಟುಂಬ ಈ ಹಳ್ಳಿಮನೆಗೆ ಬರುವಾಗಲೇ ತಾಯಿ ಆಸ್ಪತ್ರೆಯಲ್ಲಿದ್ದಳು. ಮಕ್ಕಳು ಮೊದಲ ಸಲ ನೋಡಲು ಹೋದಾಗ ಹೊಸ ಮನೆಯ ಬಗ್ಗೆ ಅವಳು ಕೇಳಿ ತಿಳಿದುಕೊಳ್ಳುತ್ತಾಳೆ, ಬೇಗ ಬಂದು ಅಲ್ಲಿನ ಭೂತಗಳನ್ನು ನೋಡಬೇಕು ಎನ್ನುತ್ತಾಳೆ. ಅಜ್ಜಿಯ ಪರಿಚಯವಾದದ್ದೂ ಈ ಊರಿಗೆ ಬಂದ ಮೇಲೆಯೇ. ತಾಯಿ ಒಮ್ಮೆಯೂ ಬಾಳದ ಮನೆಯಲ್ಲಿ ಅವಳೊಡನೆ ಬಾಳಿದ ನೆನಪು ಮಕ್ಕಳಿಗೆ ಎಲ್ಲಿಂದ ಬರಬೇಕು? ಆ ಚಿತ್ರಗಳು ಕಥೆಯ ನಂತರದವು, ಬೇರೆ ದಾರಿಯೇ ಇಲ್ಲ. ಸಾಲದೆಂಬಂತೆ 2002ರಲ್ಲಿ ಮಿಯಾಝಾಕಿ ಮೇಯ್‌ಳನ್ನೇ ನಾಯಕಿಯಾಗಿಟ್ಟು ‘ಮೇಯ್ ಮತ್ತು ಮರಿಬೆಕ್ಕಿನ ಬಸ್ಸು’ ಎಂಬ ಕಿರುಚಿತ್ರ ಮಾಡಿದರು. ಅದನ್ನು ತೋರಿಸುವುದು ಮಿತಾಕಾದಲ್ಲಿರುವ ಘಿಬ್ಲಿ ವಸ್ತುಸಂಗ್ರಹಾಲಯದಲ್ಲಿ.

ಇನ್ನು ಸಯಾಮಾ ಪ್ರಕರಣ. 1963ರ ಮೇ 1ರಂದು ಸೈತಾಮಾ ಪ್ರಾಂತದ ಸಯಾಮಾದಲ್ಲಿ ಪ್ರೌಢಶಾಲಾ ಬಾಲಕಿಯೊಬ್ಬಳನ್ನು ಅಪಹರಿಸಿ ಕೊಂದರು. ಚಿತ್ರದ ಕಥೆ ಅದೇ ಸೀಮೆಯಲ್ಲಿ ನಡೆಯುತ್ತದೆ, ಇಬ್ಬರು ಹುಡುಗಿಯರ ಹೆಸರಿಗೂ ಮೇ ತಿಂಗಳೆಂದೇ ಅರ್ಥ, ಆದ್ದರಿಂದ ಇದು ಆ ಪ್ರಕರಣದ ಕಥೆ ಎನ್ನುತ್ತಾರೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಇಷ್ಟೇ ಸಂಬಂಧ. ಕಥೆ ಆ ಸೀಮೆಯಲ್ಲಿ ನಡೆಯುವುದು ಮಿಯಾಝಾಕಿ ದಶಕಗಳಿಂದ ಪಕ್ಕದ ತೊಕೊರೊಝಾವಾದಲ್ಲಿ ನೆಲೆಸಿ ಆ ಗುಡ್ಡಗಾಡನ್ನು ಬಲ್ಲವರಾದ್ದರಿಂದ. ಹೆಸರುಗಳು ಒಂದೇ ಆಗಿರುವುದು, ಮೂಲ ಕಲ್ಪನೆಯಲ್ಲಿ ಒಬ್ಬಳೇ ಇದ್ದ ಹುಡುಗಿ ಆಮೇಲೆ ಅಕ್ಕತಂಗಿಯರಾಗಿ ಒಡೆದದ್ದರಿಂದ. ಬಸ್ ನಿಲ್ದಾಣದ ಹೆಸರಾಂತ ಪೋಸ್ಟರಿನಲ್ಲಿ ಟೊಟೊರೊ ಪಕ್ಕ ಇಂದಿಗೂ ನಿಂತಿರುವವಳು ಆ ಒಬ್ಬ ಹುಡುಗಿಯೇ. ಕಥೆಯ ಕಾಲವೂ 1950ರ ದಶಕದ್ದು, 1963ರದ್ದಲ್ಲ. ನಿಜವಾದ ಸಯಾಮಾ ಪ್ರಕರಣದಲ್ಲಿ ಅಪರಾಧಿಯೆನಿಸಿದವನು ಹುಟ್ಟಿನ ಕಾರಣಕ್ಕೆ ತಾರತಮ್ಯಕ್ಕೊಳಗಾದ ಬುರಾಕು ಸಮುದಾಯದ ಯುವಕ. 1964ರಲ್ಲಿ ಮರಣದಂಡನೆ, 1974ರಲ್ಲಿ ಅದು ಜೀವಾವಧಿಗೆ ಇಳಿಕೆ, 1994ರಲ್ಲಿ ಪೆರೋಲ್ ಆದ ಮೇಲೂ ತಾನು ನಿರಪರಾಧಿ ಎನ್ನುತ್ತ, ಮರುವಿಚಾರಣೆಗಾಗಿ ಹೋರಾಡುತ್ತಲೇ ಆತ 2025ರಲ್ಲಿ ತೀರಿಕೊಂಡ. ಜಪಾನಿನಲ್ಲಿ ಜನ್ಮಾಧಾರಿತ ತಾರತಮ್ಯದ ಚರ್ಚೆ ಈ ಮೊಕದ್ದಮೆಯ ಸುತ್ತ ವರ್ಷಗಟ್ಟಲೆ ನಡೆದಿದೆ. ಒಂದು ಮಗುವಿನ ಕೊಲೆಯನ್ನೂ ಒಬ್ಬ ಮನುಷ್ಯನ ಜೀವಮಾನದ ಹೋರಾಟವನ್ನೂ ಮೂವತ್ತು ಸೆಕೆಂಡಿನ ರೀಲ್ಸ್‌ಗೆ ಮಸಾಲೆ ಮಾಡುವುದು ತಪ್ಪು ಎಂದು ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ.

ಘಿಬ್ಲಿಯವರು ಮಗುವಿನ ಸಾವನ್ನು ತೋರಿಸಲು ಅಂಜುವವರೂ ಅಲ್ಲ. ಟೊಟೊರೊ ತೆರೆಕಂಡ ದಿನವೇ, ಅದೇ ಟಿಕೆಟಿನಲ್ಲಿ, ಇಸಾವೊ ತಕಾಹಾತ ಅವರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಜೋಡಿ ಚಿತ್ರವಾಗಿ ಪ್ರದರ್ಶನಗೊಂಡಿತು. ಅದರ ಮೊದಲ ಮಾತೇ, 1945ರ ಸೆಪ್ಟೆಂಬರ್ 21ರ ರಾತ್ರಿ ತಾನು ಸತ್ತೆ ಎಂದು ಹುಡುಗ ಹೇಳುವುದು. ಸಾವನ್ನು ಹೇಳಬೇಕಾದಾಗ ಆ ಸ್ಟುಡಿಯೋ ಹಾಗೆ ನೇರವಾಗಿ ಹೇಳಿತು, ನೆರಳು ಅಳಿಸಿ ಒಗಟು ಹಾಕಲಿಲ್ಲ.

ಹಾಗಾದರೆ ಟೊಟೊರೊ ಚಿತ್ರದಲ್ಲಿ ಸಾವಿನ ಭಯ ಇಲ್ಲವೇ? ಖಂಡಿತ ಇದೆ, ಆದರೆ ಪ್ರಶ್ನೆ ಕೇಳಬೇಕಾದದ್ದು ಮೇಯ್ ಬಗ್ಗೆ ಅಲ್ಲ, ತಾಯಿಯ ಬಗ್ಗೆ. ಇದನ್ನು ಯಾರೂ ನನ್ನಲ್ಲಿ ಕೇಳುವುದಿಲ್ಲವೆಂಬುದೇ ನನ್ನ ಅಚ್ಚರಿ. ಆಸ್ಪತ್ರೆಯಿಂದ ತಂತಿ ಬಂದ ದಿನ, ಅಷ್ಟು ದಿನ ಮನೆ ನಿಭಾಯಿಸಿ, ಊಟದ ಡಬ್ಬಿ ಕಟ್ಟಿ, ದೊಡ್ಡವಳಂತೆ ನಡೆದುಕೊಂಡ ಸತ್ಸುಕಿ ಅಜ್ಜಿಯ ಮುಂದೆ ಕುಸಿದು ಅಳುತ್ತಾಳೆ. ಹಿಂದಿನ ಸಲವೂ ಬರೀ ನೆಗಡಿಯಂಥದ್ದು, ಸ್ವಲ್ಪ ದಿನ ಆಸ್ಪತ್ರೆ ಎಂದೇ ಹೇಳಿದ್ದರು, ಅಮ್ಮ ಸತ್ತುಹೋದರೆ ಏನು ಮಾಡುವುದು ಎಂಬ ಅವಳ ಮಾತನ್ನು ಪಕ್ಕದಲ್ಲೇ ನಿಂತ ಮೇಯ್ ಕೇಳಿಸಿಕೊಳ್ಳುತ್ತಾಳೆ. ಅಕ್ಕನೇ ಅಳುವುದನ್ನು ಕಂಡ ಮೇಲೆ, ತಿಂದರೆ ಗುಣವಾಗುತ್ತದೆಂದು ಕೇಳಿದ್ದ ಜೋಳದ ತೆನೆಯನ್ನು ಎದೆಗವಚಿಕೊಂಡು ಆ ನಾಲ್ಕು ವರ್ಷದ ಮಗು ಆಸ್ಪತ್ರೆಯ ದಾರಿ ಹಿಡಿಯುವುದು. ಸಾವು ಈ ಕಥೆಯಲ್ಲಿ ಇರುವುದು ಅಲ್ಲಿ, ಮಕ್ಕಳ ಎದೆಯ ಒಳಗೆ.

ಚಿತ್ರ ತಾಯಿಯ ಕಾಯಿಲೆಯ ಹೆಸರು ಹೇಳುವುದಿಲ್ಲ. ಆದರೆ ಕಾಲವನ್ನೂ ಜಾಗವನ್ನೂ ನೋಡಿದರೆ ಕ್ಷಯವೆಂದು ಊಹಿಸುವುದು ಕಷ್ಟವಲ್ಲ. ಕಥೆಯಲ್ಲಿ ಆಸ್ಪತ್ರೆಯಿರುವ ಬೆಟ್ಟಕ್ಕೆ ಮಾದರಿಯಾದ ಹಚಿಕೊಕುಯಾಮಾದ ಬಳಿ ನಿಜಕ್ಕೂ ಕ್ಷಯರೋಗಿಗಳ ಆಸ್ಪತ್ರೆಯಿತ್ತು. 1950ರ ವರೆಗೂ ಜಪಾನಿನಲ್ಲಿ ಸಾವಿನ ಕಾರಣಗಳಲ್ಲಿ ಮೊದಲ ಸ್ಥಾನ ಕ್ಷಯದ್ದೇ. ಸ್ಟ್ರೆಪ್ಟೋಮೈಸಿನ್‌ನಂಥ ಔಷಧಗಳು ಬಳಕೆಗೆ ಬಂದ ಮೇಲೆ ಆ ದಶಕದಲ್ಲಿ ಅದು ಇಳಿಮುಖವಾಯಿತು, ಹಾಗಾಗಿ ಆ ಕಾಲದ ಮಗುವೊಂದು ತಾಯಿ ಸಾಯಬಹುದೆಂದು ಹೆದರಿದ್ದೂ ನ್ಯಾಯ, ತಾಯಿ ಗುಣವಾಗಿ ಮನೆಗೆ ಬಂದದ್ದೂ ನಂಬತಕ್ಕದ್ದೇ. ಮಿಯಾಝಾಕಿಯವರ ತಾಯಿಯೂ ಅವರ ಬಾಲ್ಯದಲ್ಲಿ ಬೆನ್ನುಹುರಿಯ ಕ್ಷಯದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು, ಮತ್ತೆ ಚೇತರಿಸಿಕೊಂಡರು, 1983ರ ತನಕ ಬದುಕಿದ್ದರು. ಇನ್ನೊಮ್ಮೆ ಈ ಪ್ರಶ್ನೆಯನ್ನು ಕಳಿಸುವ ಮೊದಲು ಚಿತ್ರವನ್ನು ಹೆಸರುಗಳು ಪೂರ್ತಿ ಮುಗಿಯುವ ತನಕ ನೋಡಿ. ಅದಾದ ಮೇಲೂ ಮೇಯ್ ಸತ್ತಿದ್ದಾಳೆ ಅನ್ನಿಸಿದರೆ, ಯಾವ ದೃಶ್ಯದಿಂದ ಹಾಗೆ ಅನ್ನಿಸಿತು ಎಂದು ಬರೆಯಿರಿ, ಆ ದೃಶ್ಯವನ್ನೇ ಎತ್ತಿಕೊಂಡು ಮಾತಾಡೋಣ.