ಒಂದು ಮಾರು ಆಕಾಶ: ಅಮಾಡೊ ಹೆರ್ನಾಂಡೆಜ್ ಸೆರೆವಾಸದ ಹಿನ್ನೆಲೆ

ಟಗಾಲೋಗ್ ಭಾಷೆಯಲ್ಲಿ 'ದಿಪಾ' ಎಂದರೆ ಎರಡೂ ತೋಳುಗಳನ್ನು ಚಾಚಿದಾಗ ಸಿಗುವ ಅಳತೆ; ಬಾವಿಯ ಹಗ್ಗ ಅಳೆಯುವಾಗ ನಾವು 'ಮಾರು' ಎನ್ನುವುದೂ ಅದನ್ನೇ. ಫಿಲಿಪ್ಪೀನ್ಸ್‌ನ ಕವಿ ಅಮಾಡೊ ಹೆರ್ನಾಂಡೆಜ್ 1952ರಲ್ಲಿ ಮುಂಟಿನ್‌ಲೂಪಾ ಸೆರೆಮನೆಯಲ್ಲಿ ಬರೆದ ಕವಿತೆಯ ಹೆಸರು 'ಇಸಾಂಗ್ ದಿಪಾಂಗ್ ಲಾಂಗಿತ್', ಅಂದರೆ ಒಂದು ಮಾರು ಆಕಾಶ. ಕೋಣೆಯ ಸಣ್ಣ ಕಿಂಡಿಯಿಂದ ಕಾಣುವ ಬಾನು ಅಷ್ಟೇ, ಅದೂ ಕಣ್ಣೀರು ತುಂಬಿದ್ದು ಎಂದು ಕವಿತೆ ಹೇಳುತ್ತದೆ.

1903ರಲ್ಲಿ ಮನಿಲಾದ ಟೊಂಡೊದಲ್ಲಿ ಹುಟ್ಟಿದ ಹೆರ್ನಾಂಡೆಜ್ ಪತ್ರಕರ್ತರಾಗಿ ಹೆಸರು ಮಾಡಿದವರು. ಸಾರ್ಸುವೆಲಾ ಎಂಬ ಸಂಗೀತ ನಾಟಕಗಳ ಪ್ರಸಿದ್ಧ ಗಾಯಕಿ ಆತಾಂಗ್ ಡೆ ಲಾ ರಾಮಾ ಇವರ ಪತ್ನಿ. ಜಪಾನಿನ ಆಕ್ರಮಣ ಕಾಲದಲ್ಲಿ ಪ್ರತಿರೋಧ ಚಳವಳಿಯಲ್ಲಿದ್ದ ಅವರು, ಯುದ್ಧದ ನಂತರ ಮನಿಲಾದ ನಗರಸಭೆಯ ಸದಸ್ಯರಾದರು. ಅದಕ್ಕಿಂತ ಮುಖ್ಯವಾಗಿ, ಕಾಂಗ್ರೆಸ್ ಆಫ್ ಲೇಬರ್ ಆರ್ಗನೈಸೇಷನ್ಸ್ ಎಂಬ ಕಾರ್ಮಿಕ ಒಕ್ಕೂಟದ ಅಧ್ಯಕ್ಷರಾದರು.

ಅವರನ್ನು ಜೈಲಿಗೆ ಕಳಿಸಿದ್ದು ಕವಿತೆಯಲ್ಲ, ಈ ಒಕ್ಕೂಟ. ಜಪಾನೀಯರ ವಿರುದ್ಧ ಹೋರಾಡಿದ್ದ ಹುಕ್‌ಬಲಹಾಪ್ ರೈತ ಗೆರಿಲ್ಲಾಗಳು ಆಗ ಜಮೀನ್ದಾರರ ಮತ್ತು ಸರ್ಕಾರದ ವಿರುದ್ಧ ತಿರುಗಿ ನಿಂತಿದ್ದರು. 1950ರ ಅಕ್ಟೋಬರ್‌ನಲ್ಲಿ ಮನಿಲಾದಲ್ಲಿ ಕಮ್ಯುನಿಸ್ಟ್ ನಾಯಕರ ಬಂಧನವಾಯಿತು, ಅಧ್ಯಕ್ಷ ಕಿರಿನೊ ಹೇಬಿಯಸ್ ಕಾರ್ಪಸ್ ಹಕ್ಕನ್ನು, ಅಂದರೆ ಬಂಧನವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ಹಕ್ಕನ್ನು, ಅಮಾನತುಗೊಳಿಸಿದರು. ಒಕ್ಕೂಟವು ಕಮ್ಯುನಿಸ್ಟರ ಅಂಗಸಂಸ್ಥೆ ಎಂಬ ಆರೋಪದ ಮೇಲೆ ಅದರ ಕಚೇರಿಗೆ ದಾಳಿ ನಡೆದು, 1951ರ ಜನವರಿಯಲ್ಲಿ ಹೆರ್ನಾಂಡೆಜ್ ಸೆರೆಯಾದರು.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವನ್ನು ಬಿಡಿಸಿ ನೋಡಬೇಕು, ಇಡೀ ಪ್ರಕರಣದ ಗಂಟು ಇರುವುದು ಅಲ್ಲಿಯೇ. ಅಂದಿನ ದಂಡಸಂಹಿತೆಯ ಪ್ರಕಾರ ದಂಗೆಗೆ, ಅಂದರೆ ಸರ್ಕಾರದ ವಿರುದ್ಧದ ಸಶಸ್ತ್ರ ಬಂಡಾಯಕ್ಕೆ, ಗರಿಷ್ಠ ಶಿಕ್ಷೆ 12 ವರ್ಷ. ಆದರೆ ಒಂದೇ ಕೃತ್ಯದಿಂದ ಹಲವು ಅಪರಾಧಗಳಾದರೆ, ಅಥವಾ ಒಂದು ಅಪರಾಧ ಇನ್ನೊಂದಕ್ಕೆ ಸಾಧನವಾದರೆ, ಅವುಗಳಲ್ಲಿ ಅತಿ ಗಂಭೀರವಾದುದರ ಗರಿಷ್ಠ ಶಿಕ್ಷೆ ವಿಧಿಸಬೇಕೆಂದು 48ನೇ ವಿಧಿ ಹೇಳುತ್ತಿತ್ತು. ಪ್ರಾಸಿಕ್ಯೂಷನ್ ಈ ವಿಧಿಯನ್ನು ಹಿಡಿದು, ಬಂಡುಕೋರರು ನಡೆಸಿದ ಕೊಲೆ, ದರೋಡೆ, ಬೆಂಕಿ ಹಚ್ಚುವಿಕೆಗಳನ್ನೆಲ್ಲ ದಂಗೆಯ ಜೊತೆ ಹೊಸೆದು 'ಸಂಯುಕ್ತ ಅಪರಾಧ'ವೊಂದನ್ನು ಹೆರ್ನಾಂಡೆಜ್ ಮೇಲೆ ಹೊರಿಸಿತು. ಹನ್ನೆರಡು ವರ್ಷದ ಅಪರಾಧ ಹೀಗೆ ಗಲ್ಲಿನವರೆಗೆ ಬೆಳೆಯಿತು. ಜಾಮೀನಿನ ದಾರಿಯೂ ಮುಚ್ಚಿತು. ವಿಚಾರಣಾ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು.

1956ರ ಜುಲೈ 18ರಂದು ಸುಪ್ರೀಂ ಕೋರ್ಟ್ ಈ ಹೊಸೆತವನ್ನು ಬಿಚ್ಚಿತು. ನ್ಯಾಯಮೂರ್ತಿ ರೊಬೆರ್ತೊ ಕೊನ್ಸೆಪ್ಸಿಯೊನ್ ಬರೆದ ನಿರ್ಣಯದ ಪ್ರಕಾರ, ದಂಗೆಯ ಉದ್ದೇಶಕ್ಕಾಗಿ ನಡೆದ ಕೊಲೆ, ಸುಲಿಗೆಗಳು ದಂಗೆಯಲ್ಲಿಯೇ ಅಡಕವಾಗುತ್ತವೆ. ಅವನ್ನು ಅದರೊಡನೆ ಕೂಡಿಸಿ ದೊಡ್ಡ ಅಪರಾಧವಾಗಿಸುವಂತಿಲ್ಲ. ಹೆರ್ನಾಂಡೆಜ್ ಜಾಮೀನಿನ ಮೇಲೆ ಹೊರಬಂದಾಗ ಐದೂವರೆ ವರ್ಷ ಕಳೆದಿತ್ತು. ಪೂರ್ಣ ಖುಲಾಸೆಗೆ 1964ರ ಮೇ 30ರವರೆಗೆ ಕಾಯಬೇಕಾಯಿತು. ದಂಗೆಯಲ್ಲಿ ಕೈಹಾಕದೆ ಒಂದು ಸಿದ್ಧಾಂತವನ್ನು ಪ್ರತಿಪಾದಿಸುವುದಷ್ಟೇ ಅಪರಾಧವಾಗದು ಎಂದು ಆಗ ಕೋರ್ಟ್ ಹೇಳಿತು. ತಡವಾಗಿ ಬಂದ ಈ ನ್ಯಾಯವನ್ನು ನ್ಯಾಯವೆಂದು ಮೆಚ್ಚಲು ನನಗೆ ಮನಸ್ಸಾಗುವುದಿಲ್ಲ.

ಜೈಲಿನ ಕವಿತೆಗಳು 1961ರಲ್ಲಿ ಸಂಕಲನವಾದವು. 1969ರ ಕಾದಂಬರಿ 'ಮಂಗಾ ಇಬೋಂಗ್ ಮಂದರಾಗಿತ್'ನಲ್ಲಿ, ಫಿಲಿಪ್ಪೀನ್ಸ್‌ನ ರಾಷ್ಟ್ರನಾಯಕ ಹೊಸೆ ರಿಸಾಲರ ಕಾದಂಬರಿಯ ಕೊನೆಯಲ್ಲಿ ಸಮುದ್ರಕ್ಕೆಸೆದ ನಿಧಿಯನ್ನು ಗೆರಿಲ್ಲಾ ಯುವಕನೊಬ್ಬ ಮುಳುಗಿ ಹುಡುಕುತ್ತಾನೆ. 1970ರಲ್ಲಿ ಹೆರ್ನಾಂಡೆಜ್ ತೀರಿಕೊಂಡರು. 1973ರಲ್ಲಿ ಅವರಿಗೆ ಮರಣೋತ್ತರವಾಗಿ ರಾಷ್ಟ್ರೀಯ ಕಲಾವಿದ ಗೌರವ ಸಂದಾಗ ದೇಶ ಅಧ್ಯಕ್ಷ ಮಾರ್ಕೋಸರ ಸೈನಿಕ ಆಡಳಿತದಲ್ಲಿತ್ತು, ಬೇರೆ ಲೇಖಕರು ಸೆರೆಯಲ್ಲಿದ್ದರು.

ಆ ಆಡಳಿತದ ರಕ್ಷಣಾ ಸಚಿವರಾಗಿದ್ದ ಹುವಾನ್ ಪೊನ್ಸೆ ಎನ್ರಿಲೆ 1990ರಲ್ಲಿ, 1989ರ ವಿಫಲ ಕ್ಷಿಪ್ರಕ್ರಾಂತಿಯ ಸಂಬಂಧ, ಕೊಲೆಯೊಡನೆ ಕೂಡಿದ ದಂಗೆಯ ಆರೋಪದ ಮೇಲೆ ಬಂಧಿತರಾದರು. ಅವರು ಸುಪ್ರೀಂ ಕೋರ್ಟಿನಲ್ಲಿ ಆಶ್ರಯಿಸಿದ್ದು ಹೆರ್ನಾಂಡೆಜ್ ಹೆಸರಿನ 1956ರ ತೀರ್ಪನ್ನು. ಅದನ್ನು ಕೈಬಿಡಲು ಕೋರ್ಟ್ ಒಪ್ಪಲಿಲ್ಲ.